ನಕ್ಕಿದ್ದು ಯಾರನ್ನು ನೋಡಿ

ಕೊಟ್ರಮ್ಮ ಹಿಟ್ಟಿನ ಗಿರಣಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವರ ಮನೆಯ ನಡುಮನೆಯೇ ಆಸ್ಪತ್ರೆಯ ವಾರ್ಡಿನಂತಾಯಿತು. ದಾವಣಗೆರೆಯಲ್ಲಿ ಆಪರೇಷನ್ ಮಾಡಿಸಿ ಕರೆತಂದವರು ಕಬ್ಬಿಣದ ಮಂಚವನ್ನು ಅಲ್ಲೇ ಹಾಕಿದರು. ಚಳ್ಳಕೆರೆಯ ಆ ಹಳೇ ಮನೆಯಲ್ಲಿ ಗಾಳಿ ಬೆಳಕು ಇದ್ದದ್ದು ಆ ಕೋಣೆಗೆ ಮಾತ್ರ. ನೋಡಿಕೊಳ್ಳುವವಳು ಸೊಸೆ ಮಂಗಳಗೌರಿ. ಮಗ ಚಂದ್ರಶೇಖರ್ ಶೇಂಗಾ ಎಣ್ಣೆಯ ಮಿಲ್ಲೊಂದರಲ್ಲಿ ಮಾರಾಟದ ಕೆಲಸದಲ್ಲಿದ್ದ. ಹಿರಿಯೂರು, ಬಳ್ಳಾರಿ, ಹೊಸಪೇಟೆ ಅಂತ ವಾರದ ಮುಕ್ಕಾಲು ಭಾಗ ಊರೂರು ತಿರುಗುತ್ತಿದ್ದ.

"ಅವ್ವನ್ನ ನೋಡ್ದೆ ಇದ್ರೆ ಮನಸ್ಸು ನಿಲ್ಲಲ್ಲ ಗೌರಿ" ಎಂದು ಅವನು ಒಂದು ಸಣ್ಣ ಕ್ಯಾಮೆರಾ ತಂದ. ಬಿಳಿ ಬಣ್ಣದ್ದು, ಮುಷ್ಟಿಯಷ್ಟು ದಪ್ಪ. ಮಂಚಕ್ಕೆ ಎದುರಾಗಿದ್ದ ಗೂಡಿನಲ್ಲಿ ಅದನ್ನಿಟ್ಟು, ಫೋನಿನಲ್ಲಿ ಬೆರಳಾಡಿಸಿ ಅದರ ಕುತ್ತಿಗೆ ತಿರುಗಿಸಿ ತೋರಿಸಿದ. ಗೌರಿ ಬೇಡ ಎನ್ನಲಿಲ್ಲ. ಬೇಡ ಎನ್ನುವುದಕ್ಕೆ ಏನೂ ಇರಲಿಲ್ಲ. ಗಂಡ ತಾಯಿಯನ್ನು ನೋಡಿಕೊಳ್ಳುತ್ತಾನೆ, ಅಷ್ಟೆ.

ಬೆಳಿಗ್ಗೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅತ್ತೆಯ ಮೈ ಒರೆಸಿ, ಸೀರೆ ಬದಲಾಯಿಸುವಷ್ಟರಲ್ಲಿ ಗೌರಿಯ ಸೀರೆಯೂ ನೆನೆದು ಮುದ್ದೆಯಾಗಿರುತ್ತಿತ್ತು. ಒಳಕೋಣೆಗೆ ಹೋಗಿ ಬದಲಾಯಿಸೋಣವೆಂದರೆ, ಒಂದು ಗಳಿಗೆ ಒಂಟಿಯಾದರೂ ಕೊಟ್ರಮ್ಮ ತಾವೇ ಏಳಲು ಹೋಗುತ್ತಿದ್ದರು. ಹಾಗಾಗಿ ಅದೇ ಕೋಣೆಯ ಬೀರುವಿನ ಪಕ್ಕದ ಮೂಲೆಯಲ್ಲಿ, ಅತ್ತೆಯ ಮೇಲೆ ಕಣ್ಣಿಟ್ಟುಕೊಂಡೇ, ಅವಳು ಸೀರೆ ಬದಲಾಯಿಸುತ್ತಿದ್ದಳು. ಮಂಚವನ್ನು ನೋಡುತ್ತಿದ್ದ ಕ್ಯಾಮೆರಾಕ್ಕೆ ಆ ಮೂಲೆ ಕಾಣುತ್ತಿರಲಿಲ್ಲ.

ಒಂದು ದಿನ ಅವಳು ರವಿಕೆಯ ಗುಂಡಿ ಬಿಚ್ಚುತ್ತಿದ್ದಾಗ ಗೂಡಿನಿಂದ ಗಿರ್ರೆನ್ನುವ ಸಣ್ಣ ಸದ್ದು ಕೇಳಿತು. ನೋಡಿದರೆ ಕ್ಯಾಮೆರಾ ಅವಳ ಕಡೆಗೆ ಕುತ್ತಿಗೆ ತಿರುಗಿಸಿತ್ತು. ಗೌರಿ ಬೆಚ್ಚಿ ಸೆರಗು ಎಳೆದುಕೊಂಡಳು. ಆಮೇಲೆ ನಗು ಬಂತು. ಚಂದ್ರಶೇಖರ್ ಮಾತು ಕಡಿಮೆಯ ಮನುಷ್ಯ. ಮದುವೆಯಾದ ಹೊಸದರಲ್ಲೂ ಅವಳನ್ನು ಕಣ್ತುಂಬ ನೋಡಿದವನಲ್ಲ. ಈಗ ಎಲ್ಲೋ ಯಾವುದೋ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ತನ್ನನ್ನು ನೋಡುತ್ತಿದ್ದಾನೆಂದರೆ! "ಕೆಲಸ ಇಲ್ವಾ ನಿಮಗೆ?" ಎಂದು ಅತ್ತೆಗೆ ಕೇಳದ ಹಾಗೆ ಬರೀ ತುಟಿಯಾಡಿಸಿ ಗದರಿದಳು. ಒಳಗೊಳಗೇ ಖುಷಿಯಾಗಿತ್ತು.

ಮತ್ತೆ ಮತ್ತೆ ಹಾಗಾಯಿತು. ಅವಳು ಕ್ಯಾಮೆರಾದ ಕಡೆ ನೋಡಿ ನಗುವುದನ್ನೂ ರೂಢಿಸಿಕೊಂಡಳು. ಅತ್ತೆಯನ್ನು ಎತ್ತಿ ಇಳಿಸಿ ಸೊಂಟ ಹಿಡಿದುಕೊಂಡಿದ್ದ ದಿನ ಬೆನ್ನು ಅತ್ತ ಮಾಡಿ ಮುಲಾಮು ಹಚ್ಚಿಕೊಂಡಳು, ನಿಧಾನವಾಗಿ, ನೋಡುವವನು ನೋಡಲಿ ಎಂದು. ಮನೆಗೆ ಬಂದಾಗ ಅವನು ಆ ಮಾತೇ ಎತ್ತುತ್ತಿರಲಿಲ್ಲ. ನಾಚಿಕೆಯ ಗಂಡಸು ಎಂದುಕೊಂಡು ಅವಳೂ ಸುಮ್ಮನಿದ್ದಳು.

ಆ ಶನಿವಾರ ಊಟಕ್ಕೆ ಬಡಿಸುವಾಗ ಮಾತ್ರ ಬಾಯಿ ತಡೆಯಲಿಲ್ಲ.

"ನಿನ್ನೆ ಬಳ್ಳಾರಿಯಾಗೆ ಏನೂ ಕೆಲಸ ಇರ್ಲಿಲ್ಲ ಅಂತ ಕಾಣ್ತೈತೆ."

"ಯಾಕೆ? ಬೆಳಿಗ್ಗೆಯಿಂದ ಮೀಟಿಂಗು. ಫೋನ್ ಆಫ್ ಮಾಡಿಸಿ ಕೂರ್ಸಿದ್ರು."

"ಸುಳ್ಳು ಹೇಳ್ಬೇಡ್ರಿ. ಕ್ಯಾಮೆರಾ ತಿರುಗಿಸ್ತಿದ್ರಲ್ಲ."

ಅವನು ತುತ್ತನ್ನು ತಟ್ಟೆಯಲ್ಲೇ ಬಿಟ್ಟ. "ನಾನು ಯಾವತ್ತೂ ತಿರುಗಿಸಿಲ್ಲ. ಅವ್ವ ಮಲಗಿರೋದು ಎದುರಿಗೇ ಕಾಣ್ತೈತಲ್ಲ, ಯಾಕೆ ತಿರುಗಿಸ್ಲಿ?"

ಗೌರಿಗೆ ಅವನ ಮುಖದಲ್ಲಿ ನಾಚಿಕೆ ಕಾಣಲಿಲ್ಲ. ತಮಾಷೆ ಮಾಡುವವನ ಮುಖ ಅದಾಗಿರಲಿಲ್ಲ. ಅವನು ಎದ್ದು ಕೈತೊಳೆದು ಫೋನು ನೋಡಿದ. ಮನುಷ್ಯರು ಓಡಾಡಿದ ಕಡೆಗೆ ತಾನಾಗಿ ತಿರುಗುವ ಸವಲತ್ತು ಅದರಲ್ಲಿತ್ತು, ಆದರೆ ಅವನು ಅದನ್ನು ಹಚ್ಚಿರಲಿಲ್ಲ. "ಲಕ್ಷ್ಮಕ್ಕ ಇರ್ಬೇಕು" ಎಂದ.

"ಲಕ್ಷ್ಮಕ್ಕ ಹೆಂಗೆ?"

"ಅವಳ ಫೋನಿನಾಗೂ ಕ್ಯಾಮೆರಾ ಕಾಣೋ ಹಂಗೆ ಹಾಕ್ಕೊಟ್ಟಿದೀನಲ್ಲ. ಅವ್ವನ್ನ ನೋಡ್ಬೇಕು ಅಂತ ದಿನಾ ಅಳ್ತಿದ್ಲು. ನಿಂಗೆ ಹೇಳಿದ್ದೆ."

"ನಂಗೆ ಹೇಳಿಲ್ಲ."

"ಹೇಳಿದ್ದೆ ಕಣೆ. ಅವತ್ತು ನೀನು ಅಡುಗೆ ಮನೆಯಾಗಿದ್ದೆ."

ಹೇಳಿದ್ದನೋ ಇಲ್ಲವೋ ಗೌರಿಗೆ ನೆನಪಾಗಲಿಲ್ಲ. ಮಿಕ್ಸಿಯ ಸದ್ದಿನಲ್ಲಿ ಏನಾದರೂ ಅಂದಿದ್ದರೆ ತಾನು ಹೂಂ ಅಂದಿರಬಹುದೇ? ಆದರೆ ಅವಳ ತಲೆ ಅಲ್ಲಿ ನಿಲ್ಲಲಿಲ್ಲ. ಲಕ್ಷ್ಮೀದೇವಿ ಚಂದ್ರಶೇಖರನ ಅಕ್ಕ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟಿರುವ ಜಂಬುಲಿಂಗಪ್ಪನ ಹೆಂಡತಿ. ಹಿಂದಿನ ವಾರ ಜಂಬುಲಿಂಗಪ್ಪ ಅತ್ತೆಯನ್ನು ನೋಡಲು ಸೇಬು ಹಿಡಿದುಕೊಂಡು ಬಂದಿದ್ದ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಒಬ್ಬಳೇ ಎತ್ತಿ ಇಳಿಸ್ತೀಯಮ್ಮ ತಂಗಿ. ಸೊಂಟಕ್ಕೆ ಬರೀ ಮುಲಾಮು ಹಚ್ಚಿದ್ರೆ ಆಗಲ್ಲ, ಬಿಸಿನೀರಿನ ಶಾಖ ಕೊಡು" ಎಂದಿದ್ದ. ಎಷ್ಟು ಕಾಳಜಿ ಇವರಿಗೆ ಎಂದು ಗೌರಿ ಅಂದುಕೊಂಡಿದ್ದಳು. ಸೊಂಟ ನೋವಿನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ.

ಅವಳು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು, ಮತ್ತೆ ಮತ್ತೆ ಹಾಕಿಕೊಂಡಳು. ತನ್ನನ್ನು ಯಾರೋ ನೋಡಿದರು ಎನ್ನುವುದಕ್ಕಿಂತ, ತಾನು ನಕ್ಕಿದ್ದೆ ಎನ್ನುವುದು ಎದೆಗೆ ಚುಚ್ಚುತ್ತಿತ್ತು. ಗಂಡನಿಗೆಂದು ನಕ್ಕ ನಗು ಯಾರಿಗೆ ಹೋಯಿತು? ಪಡೆದುಕೊಂಡವರು ಅದನ್ನು ಏನೆಂದು ತಿಳಿದುಕೊಂಡರು?

ಚಂದ್ರಶೇಖರನಿಗೆ ನಗುವಿನ ವಿಷಯ ಅವಳು ಹೇಳಲಿಲ್ಲ, ಮುಲಾಮಿನ ಮಾತು ಮಾತ್ರ ಹೇಳಿದಳು. ಅವನು "ಭಾವ ಅಂಥೋರಲ್ಲ" ಎಂದ. ಮತ್ತೆ, "ಕ್ಯಾಮೆರಾ ತೆಗೆದುಬಿಡಾನ. ಅಲ್ಲಿಗೆ ಮುಗೀತಲ್ಲ" ಎಂದ. ಅಪ್ಪ ತೀರಿಕೊಂಡಾಗ ಮನೆಗೆ ಹಿರಿಯನಂತೆ ನಿಂತವನು ಜಂಬುಲಿಂಗಪ್ಪ. ಇವರ ಮದುವೆಯಲ್ಲಿ ತಂದೆಯ ಜಾಗದಲ್ಲಿ ಕೂತವನೂ ಅವನೇ.

"ತೆಗೀಬೇಡ್ರಿ" ಎಂದಳು ಗೌರಿ. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಅದರ ಮೇಲೆ ಒಂದು ಟವೆಲ್ ಹೊದಿಸಿದಳು. "ನಾಳೆ ಭಾನುವಾರ, ಮನೆಯಾಗೇ ಇರ್ತೀರಲ್ಲ. ಅತ್ತೇನ ನೋಡ್ಕಳ್ರಿ. ನಾನು ಮೊಳಕಾಲ್ಮುರಿಗೆ ಹೋಗಿ ಬರ್ತೀನಿ."

ಬಸ್ಸು ತಳಕು, ಹಾನಗಲ್ ದಾಟಿ ಮೊಳಕಾಲ್ಮುರು ತಲುಪುವವರೆಗೂ ಅವಳು ಕೇಳಬೇಕಾದ ಮಾತನ್ನು ಜೋಡಿಸುತ್ತಲೇ ಇದ್ದಳು. ಇಳಿಯುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಮನೆಯ ಮುಂಭಾಗವೇ ಅಂಗಡಿ. ಜಂಬುಲಿಂಗಪ್ಪ ರಾಯದುರ್ಗದ ಕಡೆಯ ಹೆಂಗಸರ ಮುಂದೆ ಸೀರೆ ಬಿಚ್ಚಿ ಹರಡಿ ತೋರಿಸುತ್ತಾ, ತೆಲುಗಿನಲ್ಲಿ "ಈ ಅಂಚು ಚೂಡಮ್ಮಾ, ಚೂಡು" ಎನ್ನುತ್ತಿದ್ದ. ಗೌರಿಯನ್ನು ಕಂಡು ಎದ್ದು ನಿಂತ. "ಏನವ್ವ ತಂಗಿ, ಹೇಳ್ದೆ ಕೇಳ್ದೆ? ಒಳಗೆ ನಡಿ, ನಿಮ್ಮಕ್ಕ ಇದಾಳೆ" ಎಂದು ಮುಖ ತುಂಬ ನಕ್ಕ. ಆ ಮುಖದಲ್ಲಿ ಏನಾದರೂ ಕಂಡೀತೆಂದು ಅವಳು ಹುಡುಕಿದಳು. ಹಣೆಯ ಮೇಲಿನ ವಿಭೂತಿ, ಕನ್ನಡಕ, ಎಂದಿನ ಜಂಬುಲಿಂಗಪ್ಪ.

ಒಳಗೆ ಲಕ್ಷ್ಮೀದೇವಿ ಅಕ್ಕಿ ಆರಿಸುತ್ತಿದ್ದಳು. ಗೌರಿ ಸುತ್ತುಬಳಸದೆ ಕೇಳಿಬಿಟ್ಟಳು, "ಅಕ್ಕ, ಕ್ಯಾಮೆರಾ ಮೂಲೆ ಕಡೆ ಯಾರು ತಿರುಗಿಸಿದ್ದು?"

ಲಕ್ಷ್ಮೀದೇವಿಯ ಬೆರಳು ಅಕ್ಕಿಯಲ್ಲೇ ನಿಂತವು. ತಲೆ ಎತ್ತದೆ, "ನಾನೇ" ಎಂದಳು.

"ನೀವಾ?"

"ಹೂಂ. ಅವ್ವನ ಬೀರು ಅಲ್ಲೇ ಐತಲ್ಲ. ನೀನು ಅದರ ಬಾಗಿಲು ತೆಗಿತೀಯೇನೋ ಅಂತ. ತಪ್ಪಾತು, ಏನ್ ಮಾಡ್ಲಿ? ಮನಸ್ಸು ಹಂಗೆ ಓಡ್ತು."

ಗೌರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಥರದ ಹಗುರ. ಹೆಂಗಸು ನೋಡಿದ್ದಾದರೆ! ಕಳ್ಳಿ ಎಂದುಕೊಂಡು ನೋಡಿದ್ದರೂ ಸರಿ. ಆದರೆ ಮರುಕ್ಷಣವೇ ಅನುಮಾನ ಹುಟ್ಟಿತು. "ಹೆಂಗೆ ತಿರುಗಿಸ್ತೀರಿ, ತೋರ್ಸಿ" ಎಂದಳು.

ಲಕ್ಷ್ಮೀದೇವಿ ಫೋನು ತೆಗೆದು ಬೆರಳಿಂದ ಒತ್ತಿದಳು, ತಡವರಿಸಲಿಲ್ಲ. ಪರದೆಯ ಮೇಲೆ ಬಾಣದ ಗುರುತು ಬಂತು, ಎಳೆದಳು. ಟವೆಲ್ಲಿನ ಒಳಗಿನ ಕತ್ತಲೆಯಲ್ಲಿ ಕತ್ತಲೆಯೇ ತಿರುಗಿತು. ಅವಳಿಗೆ ಬರುತ್ತಿತ್ತು.

"ನನ್ನ ಸೊಂಟದ ನೋವು ಅಣ್ಣಾರಿಗೆ ಯಾರು ಹೇಳಿದ್ದು?"

"ನಾನೇ ಹೇಳಿರ್ಬೇಕು."

"ಅವರೂ ನೋಡ್ತಾರಾ?"

"ಫೋನು ಮನೆಯಾಗೆ ಬಿದ್ದಿರ್ತೈತೆ ಗೌರಿ" ಎಂದಳು ಲಕ್ಷ್ಮೀದೇವಿ. ಆಗ ಅವಳ ಧ್ವನಿ ಬೇರೆಯಾಗಿತ್ತು. "ಯಾರು ಯಾವಾಗ ತಗಂಡ್ರು ಅಂತ ನಾನು ಕಾಯ್ಕಂಡು ಕೂರಕ್ಕಾಗುತ್ತಾ?"

ಅಷ್ಟರಲ್ಲಿ ಜಂಬುಲಿಂಗಪ್ಪ ಒಳಗೆ ಬಂದು ಕಾಫಿಗೆ ಹೇಳಿದ. ಅತ್ತೆಯ ಆರೋಗ್ಯ ವಿಚಾರಿಸಿದ. "ಕ್ಯಾಮೆರಾ ಕೆಟ್ಟೈತೇನಮ್ಮ? ನಿನ್ನೆಯಿಂದ ಬರೀ ಕತ್ತಲು ಕಾಣ್ತೈತೆ" ಎಂದ. ಲಕ್ಷ್ಮೀದೇವಿ ಸರಕ್ಕನೆ ಎದ್ದು ಅಡುಗೆಮನೆಗೆ ಹೋದಳು. ಕಳ್ಳನಾದವನು ಹೀಗೆ ಎದುರಿಗೇ ಕೇಳುತ್ತಾನೆಯೇ? ಅಥವಾ ಅತ್ತೆಯನ್ನು ನೋಡಲು ಆಗಾಗ ತೆಗೆಯುವವನು, ಅದರಲ್ಲೇನು ತಪ್ಪು ಎಂದು ಕೇಳುತ್ತಿದ್ದಾನೆಯೇ? ಗೌರಿ ಕಾಫಿ ಕುಡಿದು, ಅವನು ಕೊಟ್ಟ ಬಾಳೆಹಣ್ಣನ್ನೂ ತೆಗೆದುಕೊಂಡು ಬಸ್ಸು ಹತ್ತಿದಳು. ಹಾನಗಲ್ಲಿನಲ್ಲಿ ಬಸ್ಸು ನಿಂತಾಗ ಆ ಹಣ್ಣನ್ನು ಕಿಟಕಿಯಿಂದ ಒಂದು ಮೇಕೆಗೆ ಎಸೆದಳು.

ಅವಳ ಜೊತೆ ಕಾಲೇಜಿನಲ್ಲಿ ಓದಿದ್ದ ಸ್ವಪ್ನ ಚಳ್ಳಕೆರೆಯ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದಳು. ಮರುದಿನ ಪಕ್ಕದ ಮನೆಯ ಕರಿಯಕ್ಕನನ್ನು ಅತ್ತೆಯ ಹತ್ತಿರ ಕೂರಿಸಿ ಗೌರಿ ಅವಳ ಕಚೇರಿಗೆ ಹೋದಳು. ಸ್ವಪ್ನ ನಡುವೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿದಳು.

"ನ್ಯಾಯ ಸಂಹಿತೆ ಎಪ್ಪತ್ತೇಳನೇ ಕಲಂ ಇದಕ್ಕೇ ಇರೋದು. ತನ್ನನ್ನ ಯಾರೂ ನೋಡಲ್ಲ ಅಂತ ನಂಬ್ಕೊಂಡಿರೋ ಹೆಂಗಸನ್ನ ಬಟ್ಟೆ ಬದಲಾಯಿಸುವಾಗ ಕದ್ದು ನೋಡೋದು, ಚಿತ್ರ ತೆಗೆಯೋದು ಅಪರಾಧ. ಮೊದಲ ಸಲಕ್ಕೇ ಕಮ್ಮಿ ಅಂದ್ರೆ ಒಂದು ವರ್ಷ ಜೈಲು."

"ಲಕ್ಷ್ಮಕ್ಕ ನಾನೇ ನೋಡಿದ್ದು ಅಂತಾರೆ. ಹೆಂಗಸು ನೋಡಿದ್ರೆ ಕೇಸಿಲ್ಲ ಅಲ್ವಾ?"

"ಹಳೇ ಕಾನೂನಿನಾಗೆ ಗಂಡಸು ಅಂತಿತ್ತು. ಈಗ ಯಾರೇ ನೋಡಿದ್ರೂ ಅಂತೈತೆ. ಗಂಡನ್ನ ಉಳಿಸೋಕೆ ಅವರು ಹಂಗೆ ಹೇಳಿದ್ರೆ, ಆರೋಪಿ ಜಾಗದಾಗೆ ಅವರೇ ನಿಲ್ತಾರೆ."

"ಮತ್ತೆ ನಾನು ನಕ್ಕಿದ್ದೆ ಸ್ವಪ್ನ. ನಮ್ಮನೆಯವರು ನೋಡ್ತಿದಾರೆ ಅಂದ್ಕೊಂಡು. ಅದಕ್ಕೆ ಒಪ್ಪಿಗೆ ಅಂತಾರಾ?"

"ಗಂಡನಿಗೆ ಒಪ್ಪಿದ್ದು ಊರಿಗೆಲ್ಲ ಒಪ್ಪಿದಂಗಲ್ಲ. ಆದ್ರೆ ಎದುರು ವಕೀಲರು ಅದನ್ನೇ ಕೇಳ್ತಾರೆ, ಸುಳ್ಳು ಹೇಳಲ್ಲ ನಾನು. ನಿನ್ನ ಗಂಡನ್ನೂ ಕೇಳ್ತಾರೆ, ಯಾರನ್ನ ಕೇಳಿ ಅವರ ಫೋನಿಗೆ ಹಾಕ್ಕೊಟ್ಟೆ ಅಂತ."

"ಆ ಫೋನಿನಾಗೆ ಏನಾದ್ರೂ ಉಳಿದಿದ್ರೆ?"

"ತನಿಖೆಯವರು ನೋಡ್ಬೇಕಾಗ್ತೈತೆ. ಹೆಣ್ಣು ಅಧಿಕಾರಿನೇ ನೋಡ್ಲಿ, ಕೋರ್ಟಿನಾಗೆ ಬಾಗಿಲು ಹಾಕ್ಕೊಂಡು ವಿಚಾರಣೆ ಮಾಡ್ಲಿ ಅಂತ ನಾವು ಕೇಳ್ಕೋಬಹುದು. ಆಗೇ ಆಗ್ತೈತೆ ಅಂತ ಮಾತು ಕೊಡಕ್ಕಾಗಲ್ಲ."

ಒಬ್ಬರು ನೋಡಿದ್ದನ್ನು ತಪ್ಪೆಂದು ತೋರಿಸಲು ಇನ್ನೂ ನಾಲ್ಕು ಜನ ನೋಡಬೇಕು. ಗೌರಿ ಕೇಸೇ ಬೇಡ ಅಂದುಕೊಂಡು ಮನೆಗೆ ಬಂದಳು. ಸಂಜೆಗೆ ಬೇಕು ಅನಿಸಿತು. ಚಂದ್ರಶೇಖರ್ ಫೋನು ಮಾಡಿ "ಏನಾತು?" ಎಂದಾಗ "ಏನಿಲ್ಲ" ಅಂದಳು. ಮುಂದಿನ ದಿನಗಳಲ್ಲಿ ಅವಳ ಕೈಯಿಂದ ಸಾರಿಗೆ ಒಂದು ದಿನ ಉಪ್ಪು ಎರಡು ಸಲ ಬಿತ್ತು, ಇನ್ನೊಂದು ದಿನ ಬೀಳದೇ ಹೋಯಿತು. ಟವೆಲ್ ಹೊದ್ದಿದ್ದ ಕ್ಯಾಮೆರಾದ ತಂತಿಯನ್ನು ಕಿತ್ತು ಹಾಕಿದರೂ, ಸೀರೆ ಬದಲಾಯಿಸಲು ಆ ಮೂಲೆಗೆ ಹೋದರೆ ಗೂಡಿಗೆ ಬೆನ್ನು ಮಾಡಿ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು.

ಇಷ್ಟೆಲ್ಲದರ ನಡುವೆ ಕೊಟ್ರಮ್ಮನನ್ನು ಯಾರೂ ಕೇಳಿರಲಿಲ್ಲ. ಒಂದು ಬೆಳಿಗ್ಗೆ ಗೌರಿ ಬಿಸಿನೀರಿನ ಪಾತ್ರೆ ಇಡುತ್ತಿದ್ದಂತೆ ಅವರೇ ಕೇಳಿದರು.

"ಅದಕ್ಕೆ ಯಾಕವ್ವ ಟವಲ್ ಹೊದಿಸೀಯ?"

"ಏನಿಲ್ಲ ಅತ್ತೆ."

"ಮಲಗಿದೀನಿ ಅಂತ ಕಿವಿನೂ ಮಲಗಿದಾವೇನು? ಹೇಳು."

ಗೌರಿ ಹೇಳಿದಳು. ಮೊದಲು ಅರ್ಧ ಹೇಳಿದಳು, ಆಮೇಲೆ ಅಳುತ್ತಾ ಪೂರ್ತಿ ಹೇಳಿದಳು, ನಕ್ಕಿದ್ದನ್ನೂ ಸೇರಿಸಿ. ಕೊಟ್ರಮ್ಮ ಮೆಲ್ಲಗೆ, "ಹಂಗಾರೆ ನೀನು ನನ್ನ ಮೈ ಒರೆಸುವಾಗ?" ಎಂದರು.

ಗೌರಿಯ ಅಳು ನಿಂತುಹೋಯಿತು. ಅದು ಅವಳಿಗೆ ಹೊಳೆದಿರಲಿಲ್ಲ. ಗಂಡನಿಗೂ ಸ್ವಪ್ನಳಿಗೂ ಹೊಳೆದಿರಲಿಲ್ಲ. ಮಂಚದ ಮೇಲೆ ದಿನಾ ಬೆಳಿಗ್ಗೆ ಬಟ್ಟೆಯಿಲ್ಲದೆ ಮಲಗುತ್ತಿದ್ದ ಈ ಮುದುಕಿಯೂ ಹೆಂಗಸೆಂದು ಯಾರಿಗೂ ನೆನಪಿರಲಿಲ್ಲ.

"ಮಗ ನೋಡ್ತಾನೆ ಅಂತಲೇ ನಾನು ಕಣ್ಣು ಮುಚ್ಕಂತಿದ್ದೆ" ಎಂದರು ಕೊಟ್ರಮ್ಮ. "ಅಳಿಯನ ಮುಂದೆ ಇವತ್ತಿನವರೆಗೂ ತಲೆ ಮೇಲಿನ ಸೆರಗು ಜಾರಿಸಿದೋಳಲ್ಲ. ಫೋನ್ ಹಚ್ಚು."

"ಯಾರಿಗೆ ಅತ್ತೆ?"

"ಅಳಿಯಂದಿರಿಗೆ."

ಗೌರಿ ಬೇಡವೆಂದಳು. ಕೊಟ್ರಮ್ಮ ಕೈ ಚಾಚಿಯೇ ಇದ್ದರು. ಕೊನೆಗೆ ಗೌರಿ ಸ್ಪೀಕರಿಗೆ ಹಾಕಿ ಫೋನನ್ನು ಅವರ ಎದೆಯ ಮೇಲಿಟ್ಟಳು.

"ಅಳಿಯಂದಿರೇ, ಒಂದು ಕೇಳ್ತೀನಿ. ನನ್ನ ಮೈ ತೊಳೆಯೋವಾಗ ನೀವು ನೋಡಿದ್ರಾ?"

ಆ ಕಡೆ ಅಂಗಡಿಯ ಗದ್ದಲ ಕೇಳಿಸುತ್ತಿತ್ತು. ನಂತರ ಬಾಗಿಲೊಂದು ಮುಚ್ಚಿದ ಸದ್ದು.

"ಅತ್ತೆಮ್ಮ, ಶಿವನಾಣೆ ಇಲ್ಲ. ನಿಮ್ಮ ಸೀರೆ ತೆಗೀತಿದ್ದಂಗೆ ನಾನು ಆ ಕಡೆ ತಿರುಗಿಸಿಬಿಡ್ತಿದ್ದೆ. ನೀವು ನನಗೆ ತಾಯಿ ಸಮ."

"ಯಾವ ಕಡೆ?"

ಆ ಕಡೆಯಿಂದ ಬಾಗಿಲು ಮತ್ತೆ ತೆರೆದ ಸದ್ದು ಬಂತು.

"ತಿರುಗಿಸೋ ಬದಲು ಫೋನೇ ಮುಚ್ಚಿಡ್ಬೋದಿತ್ತಲ್ಲಪ್ಪ" ಎಂದರು ಕೊಟ್ರಮ್ಮ. ಅಳಿಯಂದಿರೇ ಎನ್ನುವುದನ್ನು ಬಿಟ್ಟು ಅವನನ್ನು ಅವರು ಅಪ್ಪ ಎಂದು ಕರೆದದ್ದು ಅದೇ ಮೊದಲು. ಕರೆ ಕಡಿದುಹೋಯಿತು.

ಗೌರಿ ನೆಲದ ಮೇಲೆ ಕೂತಳು. ನೀರು ತಣ್ಣಗಾಗುತ್ತಿತ್ತು. ಅತ್ತೆಯ ಮಾನ ಕಾಯಲೆಂದು ತಿರುಗಿಸಿದ ಕ್ಯಾಮೆರಾಕ್ಕೆ ತಾನು ಸಿಕ್ಕಿದೆನೇ? ಅವಳು ನೆನಪನ್ನು ಕೆದಕಿದಳು. ಗಿರ್ರೆನ್ನುವ ಸದ್ದು ತಾನು ಮೂಲೆಗೆ ಹೋದ ಮೇಲೆ ಬಂದದ್ದೇ? ಮೊದಲ ದಿನ ಮೂಲೆಯಲ್ಲೇ ಕೇಳಿತ್ತು, ಗುಂಡಿ ಬಿಚ್ಚುವಾಗಲೇ, ಅದರಲ್ಲಿ ಅನುಮಾನವಿಲ್ಲ. ಉಳಿದ ದಿನಗಳಲ್ಲಿ? ಕ್ಯಾಮೆರಾ ಮೊದಲೇ ಅತ್ತ ನೋಡುತ್ತಿತ್ತೇ? ಎಷ್ಟು ನೆನೆದರೂ ಒಂದೊಂದು ಸಲ ಒಂದೊಂದು ಥರ ಕಾಣುತ್ತಿತ್ತು. ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ತನ್ನದೇ ನಗುಮುಖ, ಹೊರಗಿನಿಂದ ಬೇರೆಯವರು ನೋಡಿದ ಹಾಗೆ.

"ನಿನ್ನ ಗೆಳತಿನ ಕರಿ" ಎಂದರು ಕೊಟ್ರಮ್ಮ. "ಕಂಪ್ಲೇಂಟಿನಾಗೆ ನನ್ನ ಹೆಸರು ಮೊದಲು ಬರೀಲಿ. ನೀನು ನಕ್ಕೆ ಅಂತ ಕೇಳಿದ್ರೆ ಕೇಳ್ಲಿ. ನಾನು ನಕ್ಕಿಲ್ಲವಲ್ಲ."

ಕೊಟ್ರಮ್ಮ ನಡೆಯಲಾರರೆಂದು ಠಾಣೆಯಿಂದ ಎಎಸ್‌ಐ ರೇಣುಕಮ್ಮ ಮನೆಗೇ ಬಂದು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಹೇಳಿಕೆ ಬರೆದುಕೊಂಡರು. "ಯಾರು ನೋಡಿದ್ದು ಅಂತ ಖಾತ್ರಿ ಐತಾ?" ಎಂದು ಗೌರಿಯನ್ನು ಕೇಳಿದರು. ಅವಳು ಗೊತ್ತಿದ್ದದ್ದನ್ನೇ ಹೇಳಿದಳು: ಅಕ್ಕ ತಾನೆಂದಳು, ಅಣ್ಣ ಆ ಕಡೆ ತಿರುಗಿಸಿದೆ ಎಂದರು, ಯಾವ ದಿನ ಯಾರೆಂದು ತನಗೆ ತಿಳಿಯದು. ರೇಣುಕಮ್ಮ ಹಾಗೆಯೇ ಬರೆದರು. "ಖಾತ್ರಿ ಮಾಡ್ಕೊಳ್ಳೋ ಕೆಲಸ ನಮ್ಮದು. ನೀವು ನಡೆದಿದ್ದಷ್ಟು ಹೇಳ್ರಿ" ಎಂದರು.

ಸುದ್ದಿ ತಿಳಿದು ಚಂದ್ರಶೇಖರ್ ಬಳ್ಳಾರಿಯಿಂದ ಓಡಿ ಬಂದ. ಗೌರಿಯ ಮೇಲೆ ಕೂಗಾಡಿದ. ತಾಯಿಯ ಹೆಸರೂ ಇದೆಯೆಂದು ಗೊತ್ತಾದಾಗ ಹೊಸಿಲ ಮೇಲೆ ಕುಸಿದು ಕೂತ. "ನಾನೇ ಹಾಕ್ಕೊಟ್ನಲ್ಲ" ಎಂದು ಅದೊಂದನ್ನೇ ಹೇಳುತ್ತಿದ್ದ. ಗೌರಿ ಸಮಾಧಾನ ಮಾಡಲು ಹೋಗಲಿಲ್ಲ, ಬೈಯಲೂ ಇಲ್ಲ. ಅವನು ನಿಜಕ್ಕೂ ಒಮ್ಮೆಯಾದರೂ ತನ್ನನ್ನು ಹಾಗೆ ನೋಡಿದ್ದಿದ್ದರೆ ಎಂದು ಅನಿಸಿತು. ಹಾಗೆ ಅನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ಆಮೇಲೆ ಹೇಸಿಗೆ ಯಾಕೆಂದು ತಿಳಿಯಲಿಲ್ಲ.

ಪೊಲೀಸರು ಲಕ್ಷ್ಮೀದೇವಿಯ ಫೋನು ಜಪ್ತಿ ಮಾಡಲು ಹೋಗುವಷ್ಟರಲ್ಲಿ ಜಂಬುಲಿಂಗಪ್ಪ ಅದರಲ್ಲಿದ್ದದ್ದನ್ನೆಲ್ಲ ಅಳಿಸಿದ್ದ. ಫೋನು ಪ್ರಯೋಗಾಲಯಕ್ಕೆ ಹೋಯಿತು. ಅವನಿಗೆ ಜಾಮೀನು ಸಿಕ್ಕಿತು, ಅಂಗಡಿಯ ಬಾಗಿಲೂ ತೆರೆಯಿತು. ಮೊಳಕಾಲ್ಮುರಿನಲ್ಲಿ ಅರ್ಧ ಜನ, ಅತ್ತೆಯ ಮಾನ ಕಾಯಲು ಹೋಗಿ ಸಿಕ್ಕಿಬಿದ್ದ ಸಜ್ಜನ ಎಂದರು. ಮಿಕ್ಕವರು ಸೀರೆ ಕೊಳ್ಳಲು ಬೇರೆ ಅಂಗಡಿಗೆ ಹೋದರು.

ಬೇಸಿಗೆ ಶುರುವಾಗುವ ಹೊತ್ತಿಗೆ ಲಕ್ಷ್ಮೀದೇವಿ ಒಂದು ಕೈಚೀಲ ಹಿಡಿದುಕೊಂಡು ಚಳ್ಳಕೆರೆಗೆ ಬಂದಳು. ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎನ್ನುವಂತೆ ಗೌರಿಯನ್ನು ನೋಡಿದಳು. ಗೌರಿಗೂ ತಿಳಿಯಲಿಲ್ಲ. "ಊಟ ಆಗೈತಾ ಅಕ್ಕ?" ಎಂದಳು.

ಕೊಟ್ರಮ್ಮ ಆಗಲೇ ವಾಕರ್ ಹಿಡಿದು ನಡೆಯತೊಡಗಿದ್ದರು. ಮಗಳ ಮುಖ ನೋಡಿ ಸ್ನಾನಕ್ಕೆ ಹೊರಟರು. ಇಬ್ಬರೂ ಎರಡು ಕಡೆ ರಟ್ಟೆ ಹಿಡಿದು ಬಚ್ಚಲ ಬಾಗಿಲವರೆಗೆ ಕರೆದೊಯ್ದರು. ಅಲ್ಲಿ ಕೊಟ್ರಮ್ಮ ಕೈ ಬಿಡಿಸಿಕೊಂಡು, "ಇನ್ನು ನಾನೇ ಮಾಡ್ಕಂತೀನಿ, ಹೊರಗಿರ್ರಿ" ಎಂದು ಬಾಗಿಲು ಹಾಕಿಕೊಂಡರು.

ಒಳಗೆ ಚೆಂಬಿನ ಸದ್ದು ಕೇಳುತ್ತಿತ್ತು. ಹೊರಗೆ ಮಗಳು, ಸೊಸೆ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು.

"ಮುಂದಿನ ತಿಂಗಳು ಹೇಳಿಕೆ ಕೊಡೋಕೆ ನನ್ನನ್ನ ಕರೀತಾರಂತೆ" ಎಂದಳು ಲಕ್ಷ್ಮೀದೇವಿ. "ನಮ್ಮನೆಯವರು, ನಾನೇ ತಿರುಗಿಸಿದ್ದು ಅಂತ ಹೇಳು ಅಂತಾರೆ. ಒಂದೆರಡು ಸಲ ತಿರುಗಿಸಿದ್ದೆ ಕೂಡ, ಸುಳ್ಳಲ್ಲ. ಆದ್ರೆ ದಿನಾ ಅಲ್ಲ. ಏನ್ ಹೇಳ್ಲಿ ಗೌರಿ?"

"ಇದನ್ನೇ ಹೇಳ್ರಿ."

"ಇದನ್ನ ಯಾರು ನಂಬ್ತಾರೆ?"

ಗೌರಿ ತಾನು ನಂಬುತ್ತೇನೆಯೇ ಎಂದು ತನ್ನನ್ನೇ ಕೇಳಿಕೊಂಡಳು. "ನಂಗೊತ್ತಿಲ್ಲ ಅಕ್ಕ" ಎಂದಳು. ಒಳಗಿನಿಂದ ಕೊಟ್ರಮ್ಮ ಸೋಪು ಕೈ ಜಾರಿತೆಂದು ಕೂಗಿದರು. ಇಬ್ಬರೂ ಒಟ್ಟಿಗೇ ಬಾಗಿಲ ಹತ್ತಿರ ಹೋಗಿ, ತಳ್ಳದೆ, ಬರಲೇ ಎಂದು ಕೇಳಿದರು.